ಡ್ರೈವರಿಗೆ ಬಹುವಚನ

೧

ಅವಳು ಕೋಟಿನ ಅಂಚಿನಿಂದ ಕಚ್ಚಾ ಹೊಲಿಗೆಯ ಬಿಳಿ ದಾರ ಎಳೆಯುತ್ತಿದ್ದಳು. ಪಕ್ಕದಲ್ಲಿ ಕೂತವಳು ಅದೇ ಕೋಟಿಗೆ ಗುಂಡಿ ತೂರುವ ಕಾಜಾ ಹೊಲಿಯುತ್ತಿದ್ದಳು. ಇಬ್ಬರ ಮಡಿಲಲ್ಲೂ ಒಂದೇ ಕೋಟು, ಆಚೆ ಮಗ್ಗುಲು ಒಬ್ಬಳಿಗೆ, ಈಚೆ ಮಗ್ಗುಲು ಒಬ್ಬಳಿಗೆ. ಮಾತಿಲ್ಲ. ದಾರ ಬಟ್ಟೆಯಿಂದ ಜಾರುವ ಸದ್ದು ಮಾತ್ರ.

ಹೀಗೆ ಶುರುಮಾಡಬಹುದೇ? ಮಾಡಿಬಿಟ್ಟೆ, ಈಗ ಕೇಳಿ ಏನು ಪ್ರಯೋಜನ. ನಿಜಕ್ಕೂ ನಾನು ಬರೆಯಲು ಕೂತದ್ದು ಒಂದು ಕಾದಂಬರಿಯ ಬಗ್ಗೆ ಓದುಗರ ಅಭಿಪ್ರಾಯವನ್ನು. ಹಿಮದ ಬೆಟ್ಟಗಳ ನಡುವೆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಪ್ರೀತಿಸುವ ಕಾದಂಬರಿ. ‘ಭಾಷೆ ಸರಳ, ನಿರೂಪಣೆ ಚುರುಕು, ಎಲ್ಲರೂ ಓದಲೇಬೇಕು’ ಎಂದು ಬರೆದೆ. ಓದಿ ನೋಡಿದರೆ ಬಾಯಿಪಾಠ ಒಪ್ಪಿಸಿದ ಹಾಗಿತ್ತು. ಹೊಡೆದುಹಾಕಿದೆ. ಉಳಿದದ್ದು ಈ ಕೋಟು, ಇವರಿಬ್ಬರು.

೨

ಅದೊಂದು ಸಣ್ಣ ಹೊಲಿಗೆ ಕಾರ್ಖಾನೆ. ಎಲ್ಲೋ ದೂರದ ಚಳಿ ಊರಿನವರಿಗೆ ದಪ್ಪ ಕೋಟು ಹೊಲಿದು ಕಳಿಸುತ್ತಾರೆ. ಹೊಲಿಯುವ ಯಾರೂ ಹಿಮ ಕಂಡವರಲ್ಲ. ಬೆಳಗ್ಗೆಯೆಲ್ಲ ಮಿಶಿನ್ನುಗಳ ಗಲಾಟೆ. ಊಟವಾದ ಮೇಲೆ ಹಿಂದಿನ ಕೋಣೆಯಲ್ಲಿ ಕೈಕೆಲಸ. ಅಲ್ಲಿ ನಾಲ್ಕೇ ಜನ. ಬಟ್ಟೆ ಕತ್ತರಿಸುವ ದೊಡ್ಡಮ್ಮ. ಇಸ್ತ್ರಿ ಹಾಕುವ ಮಾಮ. ಕಾಜಾ ಹೊಲಿದು ಹೊಲಿದು ಕಾಜಾ ಎಂದೇ ಕರೆಸಿಕೊಂಡ ಹುಡುಗಿ. ಕೊನೆಗೆ, ದಾರ ಎಳೆಯುವ ನಮ್ಮ ಹುಡುಗಿ. ಇವಳನ್ನು ಮೊದಲು ಪುಟ್ಟಿ ಎನ್ನುತ್ತಿದ್ದರು. ಉಳಿದವರ ಕೈ ಕೆಲಸದಲ್ಲಿರುವಾಗ ಪುಸ್ತಕ ಓದಿ ಹೇಳಲು ಶುರುಮಾಡಿದ ಮೇಲೆ ಒತ್ತೂ ಗುಡಿಸೂ ಉದುರಿ ಪುಟ ಆದಳು. ಓದಿದಷ್ಟು ಹೊತ್ತಿನ ಅವಳ ಪಾಲಿನ ದಾರವನ್ನು ಮೂವರೂ ಹಂಚಿಕೊಂಡು ಎಳೆದುಕೊಡುವುದೆಂದು ಒಪ್ಪಂದ.

ದೊಡ್ಡಮ್ಮ ಎಲ್ಲರಿಗೂ ಬಾಯಿಮಾತಿನ ದೊಡ್ಡಮ್ಮ, ಪುಟಳಿಗೆ ನಿಜವಾದ ದೊಡ್ಡಮ್ಮ. ಪುಟ ಶಾಲೆ ಬಿಟ್ಟಾಗ ಕೈಹಿಡಿದು ಈ ಕೆಲಸಕ್ಕೆ ಸೇರಿಸಿದವರು ಅವರು. ಪುಟ ಮಲಗುವುದು ಅವರ ಮನೆಯ ನಡುಕೋಣೆಯಲ್ಲಿ. ಅಂದರೆ ಕೆಲಸವೂ ದೊಡ್ಡಮ್ಮನದು, ಸೂರೂ ದೊಡ್ಡಮ್ಮನದು. (ಈ ಸಾಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾಟಕೀಯವಾಗಿ ಆಮೇಲೆ ಬಿಚ್ಚಿಡುವ ಜಾಣತನ ನನಗಿಲ್ಲ.)

೩

ಆ ಕಾದಂಬರಿ ಪುಟಳ ಕೈಗೆ ಬಂದಾಗ ಅದಕ್ಕೆ ರಕ್ಷಾಪುಟವೇ ಇರಲಿಲ್ಲ. ಲೈನಿಂಗ್ ಬಟ್ಟೆಯ ತುಂಡೊಂದನ್ನು ಹೊದಿಸಿ ಓದಲು ತಂದಳು. ಬೆಟ್ಟದ ಊರಿಗೆ ಒಬ್ಬ ಟೀಚರ್ ಬರುತ್ತಾಳೆ. ಬಸ್ಸು ಹಿಮದಲ್ಲಿ ಹೂತುಹೋಗುತ್ತದೆ. ರಸ್ತೆಯ ಹಿಮ ತೆಗೆಯುವ ಗಾಡಿ ಬರುತ್ತದೆ. ಪುಸ್ತಕದಲ್ಲಿದ್ದದ್ದು ಇದು: ‘ಗಾಡಿಯ ಬಾಗಿಲು ತೆಗೆದು ಅವಳು ಇಳಿದಳು. ಟೀಚರ ಎದೆ ಒಂದು ಬಡಿತ ತಪ್ಪಿತು.’

ಪುಟ ಮುಂದಿನ ಸಾಲನ್ನು ಮೊದಲೇ ಕಣ್ಣಲ್ಲಿ ಕಂಡಿದ್ದಳು. ತಲೆ ಎತ್ತಿದಳು. ದೊಡ್ಡಮ್ಮನ ಕತ್ತರಿ ಕಂಡಿತು. ಬಾಯಿ ತಾನಾಗಿಯೇ ಹೇಳಿತು: “ಗಾಡಿಯ ಬಾಗಿಲು ತೆಗೆದು ಅವರು ಇಳಿದರು.”

ಸುಳ್ಳು ಹೇಳಲಿಲ್ಲ ನೋಡಿ. ಗೌರವ ಕೊಟ್ಟಳು, ಅಷ್ಟೇ. ಪುಸ್ತಕದಲ್ಲಿದ್ದ ಹೆಸರನ್ನು ನುಂಗಿ ‘ಡ್ರೈವರ್’ ಎಂದಳು. ಅವತ್ತಿನಿಂದ ಡ್ರೈವರ್ ಬಂದರು, ಹೋದರು, ನಕ್ಕರು, ಕೆಮ್ಮಿದರು. ಹಿಂದಿನ ಕೋಣೆಯಲ್ಲಿ ಒಬ್ಬ ಗಂಡಸು ಬೆಳೆಯತೊಡಗಿದ.

೪

ಓದುಗರ ಅಭಿಪ್ರಾಯಗಳು (ಕೊನೆಗೂ):

ಮಾಮ: “ನೋಡು, ಕುಡಿಯಲ್ಲ, ಸೇದಲ್ಲ. ಊಟ ಆದ್ಮೇಲೆ ಅವಳ ತಟ್ಟೇನೂ ತೊಳೆದಿಡ್ತಾನೆ. ಇಂಥ ಗಂಡಸು ಕತೇಲಿ ಬಿಟ್ರೆ ಇನ್ನೆಲ್ಲೂ ಇರಲ್ಲ.”

ದೊಡ್ಡಮ್ಮ: “ಒಳ್ಳೇದೇ ಇರಬಹುದು. ಆದ್ರೆ ಮದುವೆ ಮಾತು ಯಾಕೆ ಎತ್ತಲ್ಲ ಪುಣ್ಯಾತ್ಮ? ರಸ್ತೇಲಿರೋ ಹಿಮ ತೆಗೆಯೋಕೆ ಬರುತ್ತೆ, ಬಾಯಿ ತೆಗೆಯೋಕೆ ಬರಲ್ವಾ?”

ಮಾಮ: “ನಾಚಿಕೆ ಇರಬೇಕು ಬಿಡಿ.”

ದೊಡ್ಡಮ್ಮ: “ಅಷ್ಟು ನಾಚಿಕೆ ಇರೋನು ಒಂದೇ ಕಂಬಳೀಲಿ ಹೆಂಗೆ ಮಲಗಿದ?”

ಮಾಮ: “ಚಳಿ.”

ಒಂದು ಅಧ್ಯಾಯದಲ್ಲಿ ಟೀಚರ್ ಡ್ರೈವರ ಜಡೆ ಹೆಣೆಯುತ್ತಾಳೆ. ಪುಟ ಹಾರಿಸಬೇಕಿತ್ತು, ಹಾರಿಸಲಿಲ್ಲ, ಓದಿಯೇಬಿಟ್ಟಳು. ಮಾಮನ ಇಸ್ತ್ರಿ ನಿಂತಿತು. “ಡ್ರೈವರಿಗೆ ಜಡೆನಾ?”

ಪುಟಳ ಕಿವಿ ಬಿಸಿಯಾಯಿತು. ದೊಡ್ಡಮ್ಮ ತಲೆ ಎತ್ತದೆ, “ಚಳಿ ಊರಲ್ವಾ, ಗಂಡಸರೂ ಕೂದಲು ಬಿಟ್ಕೋತಾರೆ. ಕಿವಿ ಬೆಚ್ಚಗಿರುತ್ತೆ. ನೀನು ಓದು,” ಎಂದರು.

(ದೊಡ್ಡಮ್ಮನಿಗೆ ಗೊತ್ತಿತ್ತೇ? ನಾನೂ ಕೇಳಿದೆ. “ನೀನು ಬರೆಯೋಳು, ನಿನಗೆ ಗೊತ್ತಿಲ್ದೇ ಇರೋದು ನನಗೆ ಹೆಂಗೆ ಗೊತ್ತಿರುತ್ತೆ?” ಎಂದು ಬಟ್ಟೆ ಮಡಚಿದರು.)

ಕಾಜಾ ಮಾತ್ರ ಯಾವ ಅಭಿಪ್ರಾಯವನ್ನೂ ಹೇಳುತ್ತಿರಲಿಲ್ಲ. ದಿನದ ಓದು ಮುಗಿದಾಗ ಒಂದೇ ಮಾತು: “ಮುಂದೆ?”

೫

ಇಲ್ಲಿ ಕಾಜಾಳ ಕಣ್ಣುಗಳ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ಪುಟ ಒಪ್ಪಲಿಲ್ಲ.

“ಅವಳ ಕಣ್ಣು ನಾನು ಸರಿಯಾಗಿ ನೋಡೇ ಇಲ್ಲ. ಅವಳು ಯಾವಾಗ್ಲೂ ತಲೆ ಬಗ್ಗಿಸಿರ್ತಾಳೆ. ನಾನು ನೋಡಿರೋದು ಬೆರಳು.”

“ಪ್ರೇಮಕತೆಗೆ ಕಣ್ಣು ಬೇಕಮ್ಮ.”

“ಪ್ರೇಮ ಅಂತ ಯಾರು ಹೇಳಿದ್ರು ನಿಮಗೆ?”

ಇಷ್ಟು ಹೇಳಿ ಅವಳು ಸೂಜಿ ಹುಡುಕುವ ನೆಪದಲ್ಲಿ ಬಗ್ಗಿದಳು. ನಾನು ಪ್ಯಾರಾ ತೆಗೆದೆ. ಬೆರಳು ಇಟ್ಟುಕೊಂಡೆ: ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿದೆ. ದಾರ ಕೊಡುವಾಗ ತಾಗುತ್ತದೆ. ಅದು ತಾಗಿದ ದಿನ ಪುಟ ಓದುವಾಗ ಸಾಲು ತಪ್ಪುತ್ತಾಳೆ.

೬

ಕೊನೆಯ ಅಧ್ಯಾಯದ ದಿನ, ಊಟದ ನಂತರ, ನಲ್ಲಿಯ ಬಳಿ ಕೈ ತೊಳೆಯುತ್ತ ಕಾಜಾ ಹೇಳಿದಳು: “ನೀನು ಓದೋ ಡ್ರೈವರ್ ಬೇರೆ, ಪುಸ್ತಕದಲ್ಲಿರೋ ಡ್ರೈವರ್ ಬೇರೆ.”

ಪುಟ ನಲ್ಲಿ ನಿಲ್ಲಿಸಲು ಹೋಗಿ ಇನ್ನಷ್ಟು ತಿರುಗಿಸಿದಳು. ಇಬ್ಬರ ತೋಳೂ ನೆನೆಯಿತು. “ಯಾವಾಗ ನೋಡ್ದೆ?”

“ಜಡೆ ಹೆಣೆದ ದಿನ. ನೀನು ನೀರು ಕುಡಿಯೋಕೆ ಹೋಗಿದ್ದೆ.” ಕಾಜಾ ಕೈ ಒದರಿದಳು. “ಮೇಲಿನ ಮಹಡಿಗೆ ಕಾಜಾ ಮಿಶಿನ್ ಬರ್ತಿದೆ. ಅಲ್ಲಿಗೆ ಹೋಗ್ತೀಯಾ ಅಂತ ನನ್ನ ಕೇಳಿದಾರೆ.”

“ಏನಂದೆ?”

“ಪುಸ್ತಕ ಮುಗೀಲಿ, ಹೇಳ್ತೀನಿ ಅಂದೆ.”

“ಪುಸ್ತಕಕ್ಕೂ ಅದಕ್ಕೂ ಏನು ಸಂಬಂಧ?”

“ನೀನೇ ಹೇಳು. ಗಂಡಸಿನ ಕತೆ ಎಲ್ಲ ಕಡೆ ಸಿಗುತ್ತೆ ಕಣೇ. ಅದಕ್ಕೆ ನಿನ್ನ ಪಕ್ಕದಲ್ಲೇ ಕೂತು ಕೇಳಬೇಕಾ?”

ಆಮೇಲೆ ಇಬ್ಬರೂ ಒಳಗೆ ಹೋಗಿ ಒಂದೇ ಕೋಟನ್ನು ಮಡಿಲಿಗೆ ಎಳೆದುಕೊಂಡು ಮಾತಿಲ್ಲದೆ ಕೆಲಸಕ್ಕೆ ಕೂತರು. ನಾನು ಶುರುಮಾಡಿದ್ದು ಅಲ್ಲಿಂದ. ಈಗ ತಿಳಿಯಿತಲ್ಲ, ಆ ಮೌನದಲ್ಲಿ ಏನಿತ್ತು ಎಂದು. ‘ಅವಳು’ ಎಂದರೆ ಸೂರು ಹೋಗಬಹುದು. ‘ಅವರು’ ಎಂದರೆ ಕಾಜಾ ಹೋಗುತ್ತಾಳೆ.

೭ (ಅ)

ಪುಟ ಎದ್ದು ನಿಂತು, ಪ್ರೀತಿಗೆ ಹೆಣ್ಣು ಗಂಡೆಂಬ ಭೇದವಿಲ್ಲ ಎಂದು ಭಾಷಣ ಮಾಡುತ್ತಾಳೆ. ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತಾರೆ.

“ನಾನು ಯಾವತ್ತು ಎದ್ದು ನಿಂತು ಮಾತಾಡಿದೀನಿ? ಆ ಮಾತು ನಿಮ್ಮದು. ನೀವೇ ಹೋಗಿ ಹೇಳಿ,” ಎಂದಳು ಪುಟ. ನನಗೂ ಧೈರ್ಯವಿಲ್ಲ. ಹೊಡೆದುಹಾಕಿದೆ.

೭ (ಆ)

ಕಿಟಕಿಯಾಚೆ ಹಿಮ ಬೀಳಲು ಶುರುವಾಗುತ್ತದೆ. ಎಲ್ಲರೂ ಕೆಲಸ ಬಿಟ್ಟು ಹೊರಗೋಡುತ್ತಾರೆ, ಓದುವ ಪ್ರಸಂಗವೇ ಬರುವುದಿಲ್ಲ.

“ಒದ್ದೆ ಕೋಟನ್ನೆಲ್ಲ ಮತ್ತೆ ಇಸ್ತ್ರಿ ಮಾಡೋನು ಯಾರು?” ಎಂದರು ಮಾಮ. ಇದೂ ಹೋಯಿತು.

೮

ಅವಳು ಪುಸ್ತಕ ತೆಗೆದಳು. ಕೊನೆಯ ಅಧ್ಯಾಯದಲ್ಲಿ ಚಳಿಗಾಲ ಮುಗಿದು ರಸ್ತೆ ತೆರೆಯುತ್ತದೆ. ಟೀಚರಿಗೆ ಊರಿಗೆ ವಾಪಸ್ ಹೋಗುವ ಬಸ್ಸು ಸಿಕ್ಕಿದೆ. ಪುಟ ಓದಿದಳು: “ಟೀಚರ್ ಬಸ್ಸಿನ ಕಿಟಕಿಯಿಂದ ನೋಡಿದಳು. ತಿರುವಿನಲ್ಲಿ ಗಾಡಿ ನಿಂತಿತ್ತು. ಅದರ ಪಕ್ಕದಲ್ಲಿ…”

ಓದು ನಿಲ್ಲಿಸಿದಳು. ಕಾಜಾಳ ಸೂಜಿ ನಿಂತಿತು. ಪುಟ ನೀರು ಕೇಳಲಿಲ್ಲ, ಕೆಮ್ಮಲಿಲ್ಲ. (ನಾನು ಕೆಮ್ಮಿಸಲು ನೋಡಿದೆ.)

“ಅದರ ಪಕ್ಕದಲ್ಲಿ ಅವಳು ನಿಂತಿದ್ದಳು.”

“ಯಾರು?” ಎಂದರು ಮಾಮ.

“ಡ್ರೈವರ್.”

“ಡ್ರೈವರ್ ಎಲ್ಲಿ? ಅವಳು ಯಾರು?”

“ಡ್ರೈವರೇ ಅವಳು.”

ಮಾಮ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟರು. ಅವರ ತಲೆಯೊಳಗೆ ಇಡೀ ಕಾದಂಬರಿ ಹಿಂದಕ್ಕೆ ಓಡುವುದು ಮುಖದಲ್ಲೇ ಕಾಣುತ್ತಿತ್ತು. “ಹಾಗಾದ್ರೆ ತಟ್ಟೆ ತೊಳೆದಿದ್ದು?”

“ಅವಳೇ.”

“ಕಂಬಳಿ?”

ಪುಟ ಹೌದೆಂದು ತಲೆಯಾಡಿಸಿದಳು.

ಮಾಮ, “ನನಗೆ ಅನುಮಾನ ಇತ್ತು. ಗಂಡಸು ಅಷ್ಟು ಚೆನ್ನಾಗಿ ತಟ್ಟೆ ತೊಳೆಯಲ್ಲ,” ಎಂದರು. ಕಾಜಾ ಫಕ್ಕನೆ ನಕ್ಕಳು. ಆ ಕೋಣೆಯಲ್ಲಿ ಅವಳ ನಗು ಯಾರೂ ಕೇಳಿರಲಿಲ್ಲ. ಅವಳೇ ಬೆಚ್ಚಿ ಬಾಯಿಗೆ ಕೋಟು ಒತ್ತಿಕೊಂಡಳು.

ದೊಡ್ಡಮ್ಮ ನಗಲಿಲ್ಲ. “ಮೊದಲಿಂದ್ಲೂ ಹಂಗೇನಾ?”

“ಹೂಂ.”

“ಅಂದ್ರೆ ಇಷ್ಟು ದಿನ ನನಗೆ ಬಹುವಚನದಲ್ಲಿ ಮೋಸ ಮಾಡಿದೀಯ.”

“ಹೂಂ, ದೊಡ್ಡಮ್ಮ.”

“ಪುಸ್ತಕಕ್ಕೋಸ್ಕರ ಹೆದರಿದ್ಯಾ, ಬೇರೆ ಯಾತಕ್ಕೋಸ್ಕರನಾ?”

ಕಾಜಾ ಕೋಟನ್ನು ಬಾಯಿಂದ ಇಳಿಸಿ, ಅದರಡಿಯಲ್ಲಿ ಪುಟಳ ಕೈ ಎಲ್ಲಿದೆಯೆಂದು ಹುಡುಕಿದಳು. ಸಿಕ್ಕಿತು. ಕೋಟು ದಪ್ಪ. ಹೊರಗಿನವರಿಗೆ ಕಾಣುವಂತಿರಲಿಲ್ಲ. ದೊಡ್ಡಮ್ಮ ಹೊರಗಿನವರಲ್ಲ.

ಅವರು ಬಹಳ ಹೊತ್ತು ಆ ಕೋಟನ್ನು ನೋಡಿದರು. ಆಮೇಲೆ ಕತ್ತರಿ ಕೆಳಗಿಟ್ಟು, ಸ್ಟೂಲು ಎಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತರು. “ಹಂಗಾದ್ರೆ ನಾನು ಕೇಳಿದ್ದು ಬೇರೆ ಕತೆ,” ಎಂದರು. ಕೋಪದಲ್ಲೋ, ಬೇಸರದಲ್ಲೋ, ಮತ್ತೆ ಮೊದಲಿಂದ ಓದು ಎಂಬ ಅರ್ಥದಲ್ಲೋ, ನನಗೆ ಹೇಳಲಾಗದು. ಬೆನ್ನು ಮಾತ್ರ ಕಾಣುತ್ತಿತ್ತು. ಎದ್ದು ಹೋಗಲಿಲ್ಲ ಎಂಬುದನ್ನು ಮಾತ್ರ ಬರೆದಿಡುತ್ತೇನೆ.

೯

ಟೀಚರ್ ಬಸ್ಸಿನಿಂದ ಇಳಿದಳೇ? ಕಾಜಾ ಮಹಡಿಗೆ ಹೋದಳೇ? ಇಲ್ಲಿ ಒಂದು ಮುಕ್ತಾಯ ಕೊಡದಿದ್ದರೆ ನೀವು ನನ್ನನ್ನು ಬಯ್ಯುತ್ತೀರಿ. ಬಯ್ಯಿರಿ, ಅದೂ ಓದುಗರ ಅಭಿಪ್ರಾಯವೇ. ಕೊಡೋಣವೆಂದರೆ ಪುಟ ಇನ್ನೂ ಓದಿ ಮುಗಿಸಿಲ್ಲ. ಒಂದು ಪುಟದಷ್ಟು ಉಳಿದಿದೆ. ಹೊತ್ತು ಇಳಿದು ಅಕ್ಷರ ಮಸುಕಾಗಿದೆ. ಅವಳ ಒಂದು ಕೈ ಪುಸ್ತಕದಲ್ಲಿ, ಇನ್ನೊಂದನ್ನು ಅವಳು ಬಿಡಿಸಿಕೊಳ್ಳುವಂತಿಲ್ಲ. ಮಾಮ ಖಾಲಿ ಮೇಜಿನ ಮೇಲೆ ಕೈ ಊರಿ ಕಾಯುತ್ತಿದ್ದಾರೆ. ದೊಡ್ಡಮ್ಮ ಕೂತ ಕಡೆಯೇ ಕೂತಿದ್ದಾರೆ. ಪುಟ ಎಲ್ಲರನ್ನೂ ಒಮ್ಮೆ ನೋಡಿ, ಓದುವ ದನಿಯಲ್ಲಲ್ಲ, ತನ್ನ ದನಿಯಲ್ಲಿ ಕೇಳಿದಳು:

“ಯಾರಾದ್ರೂ ಸ್ವಲ್ಪ ಆ ಲೈಟ್ ಹಾಕ್ತೀರಾ?”