ಗದ್ದದ ಮೇಲಿನ ಹೆಸರು

ಮಾವಿನಕುರ್ವೆಯ ಜಯಂತಿಗೆ ಮಗಳು ಸುಚಿತಾ ಒಂದು ಹೆಸರಿಟ್ಟಿದ್ದಳು. ಕಿವುಡ ಮಕ್ಕಳಿಗೆ ಹೊನ್ನಾವರದಲ್ಲಿ ಸನ್ನೆ ಭಾಷೆ ಕಲಿಸುವ ಮಾಲಿನಿ ಟೀಚರ್ ಹೇಳಿದ್ದರು: ಈ ಮಕ್ಕಳು ಪ್ರತಿಯೊಬ್ಬರಿಗೂ ಕೈಯಲ್ಲೇ ಹೆಸರಿಡುತ್ತಾರೆ, ಮುಖದ ಗುರುತನ್ನೋ ನಡೆವ ರೀತಿಯನ್ನೋ ನೋಡಿ. ಸುಚಿತಾ ತಾಯಿಯ ಮಾತು ಬಂದಾಗಲೆಲ್ಲ ಎರಡು ಬೆರಳಿನಿಂದ ತನ್ನ ಗದ್ದ ಹಿಡಿಯುತ್ತಿದ್ದಳು. ಜಯಂತಿಯ ಗದ್ದದ ಮೇಲೊಂದು ಮಚ್ಚೆಯಿತ್ತು. ಅದನ್ನೇ ಹೆಸರು ಮಾಡಿದ್ದಾಳೆಂದು ಅವಳಿಗೆ ಹಿಗ್ಗು. ಹೆತ್ತವಳಲ್ಲ, ಪಾಠ ಒಪ್ಪಿಸಿದ್ದು ಬಿಟ್ಟರೆ ಮಗಳು ತಾನಾಗಿ ‘ಅಮ್ಮ’ ಎಂದದ್ದೂ ಇಲ್ಲ. ಇಷ್ಟಾದರೂ ದಕ್ಕಿತಲ್ಲ.

ಒಂಬತ್ತು ವರ್ಷದ ಹಿಂದೆ, ಕಿವಿ ಕೇಳದ ಮೂರರ ಕೂಸನ್ನು ದತ್ತು ತಂದಾಗ ಮನೆ ತುಂಬ ಮಾತಿತ್ತು. ಗಂಡ ಭಾಸ್ಕರನಿಗೆ ಬೋಟಿನಲ್ಲಿ ಕೊಂಕಣಿ, ಮನೆಯಲ್ಲಿ ಕನ್ನಡ. ಅತ್ತೆ ದೇವಿಗೆ ಭಟ್ಕಳದ ಪೇಟೆಯಲ್ಲಿ ಮೀನು ಮಾರುತ್ತ ಕಲಿತ ಉರ್ದು, ನವಾಯತಿ ಬೇರೆ. ಕೂಸಿಗೆ ಮಾತ್ರ ಅವಳು ಕೈಯಲ್ಲೇ ಹೇಳುತ್ತಿದ್ದಳು. ಅಂಗೈ ತುಯ್ದಾಡಿದರೆ ಮೀನು. ಎರಡೂ ಕೈ ಎತ್ತಿ ತಲೆಯ ಮೇಲಿನ ಬುಟ್ಟಿ ಹಿಡಿದರೆ ಅಜ್ಜಿ. ತಿಂಗಳೊಳಗೆ ಇಬ್ಬರೂ ಜಗಳವಾಡುವಷ್ಟು ಮಾತು ಕಲಿತರು.

ಕುಮಟಾದಲ್ಲಿ ಮಾತು ಕಲಿಸುವವರು ಅದನ್ನು ಕೇಳಿ ತಲೆ ಅಲ್ಲಾಡಿಸಿದರು. “ಕಿವಿಗೆ ಮಷಿನ್ ಹಾಕಿದ ಮೇಲೆ ಒಂದೇ ಭಾಷೆ, ಕನ್ನಡ. ಕೈಸನ್ನೆ ಕಲಿತ್ರೆ ಬಾಯಿ ಸೋಮಾರಿಯಾಗ್ತದೆ.”

ಜಯಂತಿ ನಂಬಿದಳು. ಅವಳಿಗೆ ಮಾತೆಂದರೆ ಪದ್ಯ. ಅವಳ ಅಪ್ಪ ದೀಪ ಹಚ್ಚಿದ ಮೇಲೆ ಗದ್ದ ಹಿಡಿದು, ಬಾಯಿ ತೆರೆಸಿ, ಒಂದೊಂದೇ ಅಕ್ಷರ ಒಪ್ಪಿಸಿಕೊಂಡು ಷಟ್ಪದಿ ಕಲಿಸಿದ್ದ. ಅಕ್ಷರ ಜಾರಿದರೆ ದೇವರಿಗೆ ಮುಟ್ಟುವುದಿಲ್ಲ ಎನ್ನುತ್ತಿದ್ದ.

“ಅತ್ತೆ, ಇನ್ನು ಕೈಸನ್ನೆ ಮಾಡೂದು ಬೇಡ.”

“ಎಂತಕ್ಕೆ? ನನ್ನ ಕೈಗೆ ಎಂತ ಮೈಲಿಗೆ ಬಂತು?”

“ಕೂಸು ಮಾತು ಕಲೀಬೇಕು.”

“ಅದು ಮಾತಾಡ್ತೇ ಅದೆಯಲ್ಲೆ ಮಾರಾಯ್ತಿ! ಕೇಳದಿದ್ದದ್ದು ನಿಂಗೆ.”

ಆದರೂ ಮುದುಕಿ ಬಿಟ್ಟಳು. ಕೂಸು ಹತ್ತಿರ ಬಂದರೆ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದಳು. ಎರಡು ವರ್ಷ ಹಾಗೇ ಕೂತು, ಒಂದು ಆಷಾಢದಲ್ಲಿ ತೀರಿಕೊಂಡಳು. ಜಯಂತಿ ದಿನಕ್ಕೊಂದು ತಾಸು ಕೂಸಿನ ಗದ್ದ ಹಿಡಿದು, ಮುಖ ತನ್ನತ್ತ ತಿರುಗಿಸಿ, ‘ಅ-ಮ್ಮ’ ಅನ್ನಿಸಿದಳು. ಕೂಸು ಕಣ್ಣು ಮುಚ್ಚಿದರೆ ತೆರೆಯುವ ತನಕ ಕಾದಳು. ಮಾತು ಬಂತು, ಅಂಗಡಿಯವರಿಗೆ ತಿಳಿಯುವಷ್ಟು. ಶಾಲೆಯ ಪಾಠ ಮಾತ್ರ ಹತ್ತಲಿಲ್ಲ. ಕೊನೆಗೆ ಭಾಸ್ಕರನೇ ಹಟ ಹಿಡಿದು ಮಾಲಿನಿಯ ಬಳಿ ಸೇರಿಸಿದ.

ಆ ಭಾನುವಾರ ಮಾಲಿನಿ ಮಕ್ಕಳ ಮನೆಯವರನ್ನೆಲ್ಲ ಕರೆದಿದ್ದರು. ಜಯಂತಿ ವಾರವಿಡೀ ಕನ್ನಡಿಯೆದುರು ಅಭ್ಯಾಸ ಮಾಡಿಕೊಂಡು ಬಂದಿದ್ದಳು. ಎದ್ದು ನಿಂತು, ಎದೆ ಮುಟ್ಟಿ, ತನ್ನ ಹೆಸರು ಹೇಳಿದಳು: ಗದ್ದ ಹಿಡಿದಳು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಮುಂದೆ ಕೂತಿದ್ದ ಆರು ವರ್ಷದ ಪವಿತ್ರಾ, ಓ ಇವಳೇನಾ ಎಂಬಂತೆ ಎದ್ದಳು. ತನ್ನ ಗದ್ದವನ್ನು ತಾನೇ ಗಟ್ಟಿಯಾಗಿ ಹಿಡಿದೆಳೆದು, ಕತ್ತು ಓರೆ ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಬಾಯಿ ಮಾತ್ರ ತೆರೆದು ಮುಚ್ಚಿ, ತೆರೆದು ಮುಚ್ಚಿ ತೋರಿಸಿದಳು. ಎಷ್ಟೋ ಸಲ ಕೇಳಿ ಬಾಯಿಪಾಠವಾದ ಕತೆಯನ್ನು ಮಕ್ಕಳು ಹೇಳುವ ಹಾಗೆ.

ಜಯಂತಿಯ ಕೈ ಗದ್ದದ ಮೇಲೇ ನಿಂತಿತು.

“ಮಚ್ಚೆ ಅಲ್ವಾ ಟೀಚರ್?”

ಮಾಲಿನಿ ಮುಖ ತಗ್ಗಿಸಿದರು. “ಹೇಳೂಕೆ ಮನಸ್ಸು ಬರ್ಲಿಲ್ಲ, ಜಯಂತಕ್ಕ.”

“ಬೇರೆ ಇಡು ಅನ್ನಿ ಅದಕ್ಕೆ. ಮಚ್ಚೆ ಮುಟ್ಟಿದ್ರೆ ಆತು, ಒಂದೇ ಬೆರಳು ಸಾಕು.”

ಮಾಲಿನಿ ಕೈಯಲ್ಲಿ ಹೇಳಿದರು. ಸುಚಿತಾ ಬಗ್ಗಿ ತಾಯಿಯ ಗದ್ದವನ್ನು ದಿಟ್ಟಿಸಿ, ಚುಟುಕಾಗಿ ಉತ್ತರಿಸಿದಳು.

“ಎಂತ ಹೇಳ್ತದೆ?”

“ಮಚ್ಚೆ ಇದ್ದದ್ದೇ ಗೊತ್ತಿರ್ಲಿಲ್ವಂತೆ. ಬಾಯಿ ಮಾತ್ರ ನೋಡ್ಬೇಕಿತ್ತಲ್ಲ, ಅಂತಾಳೆ.”

“ಅಜ್ಜಿಗೆ ಎಂತ ಹೆಸರು, ಕೇಳಿ.”

ಉತ್ತರಕ್ಕೆ ಯಾರ ನೆರವೂ ಬೇಕಾಗಲಿಲ್ಲ. ಸುಚಿತಾ ಎರಡೂ ಕೈ ಎತ್ತಿ ತಲೆಯ ಮೇಲೆ ಬುಟ್ಟಿ ಹಿಡಿದಳು. ಬಹಳ ಹೊತ್ತು ಇಳಿಸಲಿಲ್ಲ.

ಮರಳುವಾಗ ಪೇಟೆಯಲ್ಲಿ ಬಿಸಿಲು ಸುಡುತ್ತಿತ್ತು. ಸುಚಿತಾ ಅಂಗಡಿಯವನಿಗೆ, “ಎರಡು ಸೋಡ ಕೊಡಿ” ಎಂದಳು. ಒಂದು ಬಾಟಲಿಯನ್ನು ಜಯಂತಿಯತ್ತ ಚಾಚಿ, ಅದೇ ದನಿಯಲ್ಲಿ, “ಅಮ್ಮ, ತಕೊಳ್ಳಿ” ಎಂದಳು.

ಯಾರೂ ಹೇಳಿಸಿರಲಿಲ್ಲ. ಒಂದು ಅಕ್ಷರವೂ ಜಾರಿರಲಿಲ್ಲ.