ಜಗ್ಗದ ಸೀಟು

ಆ ಬೆಳಗ್ಗೆ ಕಂಡಕ್ಟರಮ್ಮ ತಿಂಡಿಯ ತಟ್ಟೆಯನ್ನು ಹಾಗೇ ಬಿಟ್ಟು ಎದ್ದಳು. ಟಿಕೆಟ್ ಕೊಡುವ ಹೆಂಗಸರೂ ಇನ್ನು ಮುಂದೆ ಡ್ರೈವರ್ ಪರೀಕ್ಷೆಗೆ ಕೂರಬಹುದು ಎಂಬ ಹೊಸ ನಿಯಮ ಬಂದ ದಿನವೇ ಅವಳು ಹೆಸರು ಕೊಟ್ಟಿದ್ದಳು. ಡ್ಯೂಟಿ ಮುಗಿಸಿ ಸಂಜೆ ಹೊತ್ತು ಬಸ್ ಸಂಸ್ಥೆಯದೇ ತರಬೇತಿ ಶಾಲೆಗೆ ಹೋಗಿ, ದೊಡ್ಡ ಗಾಡಿಯ ಲೈಸೆನ್ಸನ್ನೂ ಪಡೆದಿದ್ದಳು. ಉಳಿದದ್ದು ಡಿಪೋದ ಪರೀಕ್ಷೆ ಒಂದೇ. ಅದಕ್ಕೆ ಕೂರುತ್ತಿರುವ ಮೊದಲ ಹೆಂಗಸು ಅವಳು. ಫೇಲಾದರೆ ‘ಹೆಂಗಸರ ಕೈಲಿ ಆಗುವ ಕೆಲಸವಲ್ಲ’ ಎಂದು ಬರೆದು ಬಾಗಿಲು ಹಾಕಲು ಆಫೀಸಿನವರು ಪೆನ್ನಿನ ಮುಚ್ಚಳ ತೆಗೆದೇ ಕಾಯುತ್ತಿದ್ದರು. ಅವಳ ಹಿಂದೆ ಇನ್ನಿಬ್ಬರು ಹುಡುಗಿಯರು ತರಬೇತಿಯಲ್ಲಿದ್ದರು. ಆ ಬಾಗಿಲು ಅವರ ಮುಖಕ್ಕೂ ಬೀಳುತ್ತಿತ್ತು.

ಗಂಡ ಅವಳ ಶೂ ಒರೆಸಿ ಹೊಸ್ತಿಲ ಬಳಿ ಇಟ್ಟಿದ್ದ. ಅತ್ತೆ ಮಾತ್ರ ಮೂಗು ಮುರಿದರು.

“ಅದು ಗಂಡಸರು ಕೂರೋ ಜಾಗ ಕಣೇ. ಊರೆಲ್ಲ ನೋಡೋ ಹಾಗೆ ಯಾಕೆ ನಗೆಪಾಟಲಾಗ್ತೀಯ?”

“ಆಗಲ್ಲ ಅತ್ತೆ.”

“ಅದನ್ನ ಬಂದ್ಮೇಲೆ ಹೇಳು.”

ಡಿಪೋದ ಅಂಗಳದಲ್ಲಿ ಡ್ರೈವರುಗಳು ಕಿಕ್ಕಿರಿದು ನಿಂತಿದ್ದರು. ಸ್ವಂತ ತಂಗಿಯ ಮದುವೆಗೂ ರಜೆ ಹಾಕದ ಪುಣ್ಯಾತ್ಮರು ಅವತ್ತು ರಜೆ ಹಾಕಿ ಬಂದಿದ್ದರು. ಪರೀಕ್ಷೆಯ ಸಾಹೇಬರು ನೀರಿನ ಬಾಟಲಿಯನ್ನು ಗಾಜಿನ ಮುಂದಿಟ್ಟುಕೊಂಡು, ಹಳೆಯ ಬಸ್ಸಿನ ಎಡಗಡೆಯಲ್ಲಿ ಗಂಭೀರವಾಗಿ ಕೂತಿದ್ದರು.

ಅವಳು ಹತ್ತಿದಳು, ಸ್ಟೇರಿಂಗ್ ಹಿಡಿದಳು, ಎಡಗಾಲನ್ನು ಕ್ಲಚ್ಚಿನ ಮೇಲಿಟ್ಟಳು. ಕ್ಲಚ್ ಅರ್ಧಕ್ಕೆ ಇಳಿದು ನಿಂತಿತು. ಪೂರ್ತಿ ಒತ್ತಲು ಹೋದರೆ ಬೆನ್ನು ಸೀಟು ಬಿಟ್ಟು ಮುಂದೆ ಬರುತ್ತಿತ್ತು. ತರಬೇತಿ ಶಾಲೆಯ ಬಸ್ಸಿನಲ್ಲಿ ಸೀಟಿನ ಕೆಳಗಿನ ಹಿಡಿ ಎಳೆದರೆ ಸಾಕು, ಸೀಟು ಮುಂದೆ ಬರುತ್ತಿತ್ತು. ಇಲ್ಲೂ ಕೈ ಹಾಕಿ ಹುಡುಕಿದಳು. ಹಿಡಿ ಸಿಕ್ಕಿತು. ಎಳೆದಳು. ಊಹೂಂ, ಸೀಟು ಜಗ್ಗಲಿಲ್ಲ.

“ಸೀಟು ಮುಂದೆ ಸರಿಸ್ಬೇಕು ಸಾರ್.”

ಕೆಳಗೆ ನಿಂತಿದ್ದ ವರ್ಕ್‌ಶಾಪಿನ ಮೇಸ್ತ್ರಿ ನಕ್ಕ. “ಅದು ಸರಿಯೋ ಸೀಟಲ್ಲಮ್ಮ. ನಾನು ಕೆಲಸಕ್ಕೆ ಸೇರಿದಾಗಿಂದ ಅಲ್ಲೇ ಇದೆ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!” ಎಂದು ಹಿಂದಿನಿಂದ ಯಾರೋ ಕೂಗಿದರು. ಅಂಗಳವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನೆಲ ನಿಜವಾಗಿಯೂ ಡೊಂಕಾಗಿದ್ದರೆ ಕುಣಿಯುವವಳು ಏನನ್ನಬೇಕು ಎಂಬುದಕ್ಕೆ ನಮ್ಮ ಹಿರಿಯರು ಗಾದೆ ಮಾಡಿಟ್ಟಿಲ್ಲ.

“ಕಾಲು ಸಿಗದಿದ್ರೆ ಇಳಿದುಬಿಡಿ,” ಎಂದರು ಸಾಹೇಬರು.

ಅವಮಾನದಿಂದ ಅವಳ ಕಿವಿ ಕೆಂಪಾಯಿತು. ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಗಿಡ್ಡಣ್ಣ ಬಂದ. ಅವನು ಡಿಪೋದ ಹಿರಿಯ ಡ್ರೈವರ್. ಬಗಲಲ್ಲಿ ಸದಾ ಒಂದು ಬಟ್ಟೆಯ ಚೀಲ. ಅದರಲ್ಲಿ ಹೆಂಡತಿ ಕಟ್ಟಿಕೊಟ್ಟ ಬುತ್ತಿ ಇದೆ, ಜಿಪುಣ ಯಾರಿಗೂ ಒಂದು ತುತ್ತು ಕೊಡುವುದಿಲ್ಲ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಗಿಡ್ಡಣ್ಣ ಮೆಟ್ಟಿಲು ಹತ್ತಿ ಎಲ್ಲರೆದುರು ಚೀಲಕ್ಕೆ ಕೈ ಹಾಕಿದ. ಬುತ್ತಿಯಲ್ಲ, ಒಂದು ದಿಂಬು ಹೊರಬಂತು. ಬೆನ್ನಿನ ಭಾರಕ್ಕೆ ಅದು ಚಪ್ಪಟೆಯಾಗಿ ಹೋಗಿತ್ತು.

“ಇದನ್ನ ಬೆನ್ನ ಹಿಂದೆ ಇಟ್ಕೊಳ್ಳಮ್ಮ. ನನಗೂ ಕಾಲು ಸಿಗಲ್ಲ. ಸೇರಿದ ದಿನದಿಂದ ಹೀಗೇ ಓಡಿಸ್ತಿದೀನಿ.”

ನಗುತ್ತಿದ್ದವರು ಕತ್ತು ಚಾಚಿ ದಿಂಬನ್ನು ನೋಡಿದರು.

“ಒಂದ್ಸಲಾನೂ ಕೇಳ್ಲಿಲ್ವಾ ಅಣ್ಣ, ಸೀಟು ಸರಿಸಿಕೊಡಿ ಅಂತ?”

“ಕೇಳಿದ್ರೆ ಗಂಡಸಾಗಿ ಕಾಲು ಸಿಗಲ್ವಾ ಅಂತ ಜೀವಮಾನವಿಡೀ ಆಡ್ಕೋತಿದ್ರು. ಅದಕ್ಕಿಂತ ಬೆನ್ನುನೋವೇ ವಾಸಿ ಅನ್ನಿಸ್ತು.”

ಅವಳು ದಿಂಬನ್ನು ಕೈಗೆ ತೆಗೆದುಕೊಂಡಳು. ಅದನ್ನು ಬೆನ್ನ ಹಿಂದೆ ಇಟ್ಟುಕೊಂಡರೆ ಪಾಸಾಗುವುದು ಖಂಡಿತ. ಅಂಗಳದ ಅಂಚಿನಲ್ಲಿ ನಿಂತಿದ್ದ ಆ ಇಬ್ಬರು ಹುಡುಗಿಯರನ್ನು ನೋಡಿದಳು. ದಿಂಬನ್ನು ಅವನ ಕೈಗೇ ಮರಳಿಸಿದಳು.

“ಬೇಡ ಅಣ್ಣ. ಇವತ್ತು ನಾನು ಇಟ್ಕೊಂಡ್ರೆ ನಾಳೆ ಅವರೂ ದಿಂಬು ಹೊತ್ಕೊಂಡೇ ಬರ್ಬೇಕು.” ಆಮೇಲೆ ಸಾಹೇಬರತ್ತ ತಿರುಗಿದಳು. “ಸೀಟು ಹೊಂದಿಸ್ಕೊಂಡೇ ಗಾಡಿ ತೆಗೀಬೇಕು ಅಂತ ನಿಮ್ಮ ಶಾಲೆಯಲ್ಲೇ ಮೊದಲ ಪಾಠ ಹೇಳ್ಕೊಟ್ರು ಸಾರ್. ಹೊಂದಿಸಿಕೊಡಿ, ಓಡಿಸ್ತೀನಿ. ಅಲ್ಲೀವರೆಗೂ ಇಳಿಯಲ್ಲ.”

ಸಾಹೇಬರು ಮೇಸ್ತ್ರಿಯ ಕಡೆ ನೋಡಿದರು. ಗಿಡ್ಡಣ್ಣನಿಗೆ ಎಲ್ಲಿತ್ತೋ ಆವೇಶ, “ಏಯ್ ಮೇಸ್ತ್ರಿ, ಎಣ್ಣೆ ತಾರಯ್ಯ!” ಎಂದು ಗುಡುಗಿ, ತಾನೇ ಸೀಟಿನ ಕೆಳಗೆ ತೂರಿದ. ತುಕ್ಕು ಕೆರೆದರು, ಗಟ್ಟಿಯಾದ ಜಿಡ್ಡು ತೆಗೆದರು, ಎಣ್ಣೆ ಸುರಿದರು. ಮೇಸ್ತ್ರಿ ಸುತ್ತಿಗೆಯಿಂದ ಬಡಿದ, ಅವಳು ಹಿಡಿ ಎಳೆದಳು, ಗಿಡ್ಡಣ್ಣ ಹಿಂದಿನಿಂದ ನೂಕಿದ. ಕಿರ್ರೆಂದು ಕಿರುಚಿಕೊಂಡು ಸೀಟು ಮುಂದಕ್ಕೆ ಬಂತು.

“ಅಯ್ಯೋ, ಸರೀತದಲ್ಲ!” ಎಂದ ಮೇಸ್ತ್ರಿ. ಪಾಪ, ಅವನು ಒಮ್ಮೆಯೂ ಎಳೆದು ನೋಡಿರಲಿಲ್ಲ. ಸರಿಸು ಎಂದು ಅವನಿಗೆ ಹೇಳಿದವರೂ ಇರಲಿಲ್ಲ.

ಇನ್ನೇನು ಬೇಕಿತ್ತು ಅವಳಿಗೆ? ಗೇಟು ದಾಟಿ, ಸಂತೆಯಂಥ ರಸ್ತೆಯಲ್ಲಿ ಬಸ್ಸನ್ನು ನಾಜೂಕಾಗಿ ನಡೆಸಿದಳು. ಏರಿನ ನಡುವೆ ಸಾಹೇಬರು ನಿಲ್ಲಿಸಲು ಹೇಳಿದರು. ಒಳ್ಳೊಳ್ಳೆಯ ಡ್ರೈವರುಗಳ ಬಸ್ಸೂ ಅಲ್ಲಿ ಒಂದು ಮೊಳ ಹಿಂದೆ ಜಾರುವುದುಂಟು. ಅವಳ ಕಾಲು ಕ್ಲಚ್ಚನ್ನು ಪೂರ್ತಿ ಒತ್ತಿ ಮೆಲ್ಲಗೆ ಬಿಟ್ಟಿತು. ಬಸ್ಸು ಮುಂದೆಯೇ ಹೋಯಿತು, ಗಾಜಿನ ಮುಂದಿನ ಬಾಟಲಿ ಇದ್ದಲ್ಲೇ ಇತ್ತು. ಕೊನೆಗೆ ಅಂಗಳಕ್ಕೆ ಮರಳಿ, ಎರಡು ಕಂಬಗಳ ನಡುವೆ ಬಸ್ಸನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದಳು.

“ಪಾಸ್,” ಎಂದರು ಸಾಹೇಬರು. ಆಮೇಲೆ ಬಾಟಲಿ ಎತ್ತಿಕೊಂಡು, “ಬಹಳ ಚೆನ್ನಾಗಿ ಓಡಿಸಿದ್ರಿ,” ಎಂದರು.

ಹುಡುಗಿಯರಿಬ್ಬರೂ ಕಂಡಕ್ಟರ್ ವಿಷಲ್ ಊದಿಕೊಂಡು ಅಂಗಳದ ತುಂಬ ಓಡಿದರು. ಗಿಡ್ಡಣ್ಣ ದಿಂಬನ್ನು ಆಕಾಶಕ್ಕೆ ಎಸೆದ. ಗಾದೆ ಹೇಳಿದ್ದವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಅಂಥವರು ಎಲ್ಲ ಕಾಲಕ್ಕೂ ಇರುತ್ತಾರೆ.

ಡಿಪೋದ ಎಲ್ಲ ಬಸ್ಸುಗಳ ಸೀಟೂ ಸರಿಯುವಂತಿರಬೇಕು ಎಂದು ಆ ವಾರವೇ ಆದೇಶ ಬಂತು. ಗಿಡ್ಡಣ್ಣ ತನ್ನ ಸೀಟನ್ನು ಕಂಡಕ್ಟರಮ್ಮನಿಗಿಂತ ಒಂದು ಬೆರಳು ಮುಂದೆಯೇ ಎಳೆದುಕೊಂಡ, ನಾಚಿಕೆಯಿಲ್ಲದೆ. ಈಗ ಅವನ ಚೀಲದಲ್ಲಿ ನಿಜವಾಗಿಯೂ ಬುತ್ತಿ ಇರುತ್ತದೆ, ಎಲ್ಲರಿಗೂ ಒಂದೊಂದು ತುತ್ತು ಸಿಗುತ್ತದೆ.

ಅವಳ ಮೊದಲ ಡ್ಯೂಟಿಯ ದಿನ ಅತ್ತೆ ಒಳ್ಳೆಯ ಸೀರೆ ಉಟ್ಟು ಬಂದು ಮುಂದಿನ ಸೀಟಿನಲ್ಲೇ ಕೂತರು. ಅಕ್ಕನ ಮನೆಗೆ ಹೊರಟಿದ್ದೇನೆ ಎಂದು ಟಿಕೆಟ್ ತೆಗೆದುಕೊಂಡರು. ದಾರಿಯುದ್ದಕ್ಕೂ ಸೊಸೆಯ ಕೈ, ಕಾಲು, ಕನ್ನಡಿಯಲ್ಲಿನ ಕಣ್ಣು ನೋಡುತ್ತಲೇ ಇದ್ದರು. ಅಕ್ಕನ ಮನೆಯ ಸ್ಟಾಪ್ ಬಂತು. ಬಸ್ಸು ನಿಂತಿತು. ಅತ್ತೆ ಏಳಲಿಲ್ಲ.

“ಅತ್ತೆ, ನಿಮ್ಮ ಸ್ಟಾಪು.”

“ಗೊತ್ತು ಕಣೇ,” ಎಂದರು ಅತ್ತೆ. ಕಣ್ಣು ಒದ್ದೆಯಾಗಿತ್ತು. ಕೊನೆಯ ಸ್ಟಾಪಿನವರೆಗಿನ ಟಿಕೆಟ್ಟಿಗೆ ಕಂಡಕ್ಟರನತ್ತ ದುಡ್ಡು ಚಾಚಿ, ಬಸ್ಸಿನ ಕೊನೆಯ ಸಾಲಿಗೂ ಕೇಳುವಂತೆ ಕೂಗಿದರು: “ನನ್ನ ಸೊಸೆ ಓಡಿಸ್ತಿದಾಳೆ, ನಾನ್ಯಾಕೆ ಇಳೀಲಿ? ರೈಟ್, ರೈಟ್!”