ಮೂರನೇ ಫೋನು

ಎಡ ಮೊಣಕಾಲಿನ ಹತ್ತಿರ ಮತ್ತೆ ಗುಂಯ್ ಎಂದ ಹಾಗಾಯಿತು — ಇಲ್ಲ, ಏನೂ ಇಲ್ಲ, ಡ್ರಾಯರ್ ಖಾಲಿ, ನಾನೇ ಖಾಲಿ ಮಾಡಿದ್ದು, ಅದರೊಳಗಿದ್ದ ಫೋನು ಈಗ ಮೇಜಿನ ಮೇಲೆ ಕಣ್ಣೆದುರಿಗೇ ಇದೆ, ಅದರ ಪಕ್ಕ ಅಮ್ಮನ ಕೈಯಲ್ಲಿದ್ದ ವಾಚು, ವಾಚಿನ ಪಕ್ಕ ಅದು ಬಂದ ಬಿಳಿ ಡಬ್ಬಿ, ಕಣ್ಣಿಗೆ ಎಲ್ಲ ಗೊತ್ತು, ಮೊಣಕಾಲಿಗೆ ಮಾತ್ರ ಗೊತ್ತಾಗುವುದಿಲ್ಲ, ಡ್ರಾಯರಿನ ಹಲಗೆಗೆ ತಾಗಿಕೊಂಡೇ ಕೂತು ಅಭ್ಯಾಸವಾದ ಕಾಲು, ಹನ್ನೊಂದು ದಿನದಿಂದ ಹೀಗೇ ಬೆಚ್ಚುತ್ತದೆ. ಗಂಟೆ ಹನ್ನೊಂದಾಗಿ ನಾಲ್ಕು ನಿಮಿಷ. ಕೊರಿಯರಿನವನು ಹನ್ನೆರಡಕ್ಕೆ ಬರುತ್ತಾನೆ. ವಾಚ್ ಕಂಪನಿಯ ಹುಡುಗಿ ಬೆಳಿಗ್ಗೆ ಫೋನು ಮಾಡಿ, ಮೇಡಂ, ನಿಮ್ಮ ಅಮ್ಮನ ವಿಷಯ ಕೇಳಿ ತುಂಬಾ ಬೇಜಾರಾಯ್ತು, ಅರ್ಜೆಂಟೇನಿಲ್ಲ, ಆದ್ರೂ ಇವತ್ತು ವಾಚ್ ಕೊಟ್ಬಿಟ್ರೆ ಒಳ್ಳೇದಿತ್ತು, ರಿವ್ಯೂ ಬರೆಯೋಕೆ ಇನ್ನೊಬ್ಬರು ಕಾಯ್ತಿದಾರೆ, ಎಂದಿನ ಹಾಗೆ ಎಲ್ಲಾ ಅಳಿಸಿ ಕೊಡ್ತೀರಲ್ಲ, ಎಂದಳು. ಎಂದಿನ ಹಾಗೆ. ಹದಿಮೂರು ವರ್ಷದಿಂದ ಈ ಬ್ಲಾಗು ಬರೆಯುತ್ತಿದ್ದೇನೆ, ಎಷ್ಟು ಫೋನು, ಎಷ್ಟು ಕ್ಯಾಮೆರಾ, ಕಸ ಗುಡಿಸುವ ಯಂತ್ರ, ಮಾತಾಡುವ ದೀಪ, ಬಂದವು, ಮನೆಯವರ ಹಾಗೆ ಒಂದು ತಿಂಗಳು ಇದ್ದವು, ಹೋಗುವ ಮುಂಚೆ ಅವುಗಳ ನೆನಪನ್ನೆಲ್ಲ ಅಳಿಸಿ, ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕಿದೆ, ಒಮ್ಮೆಯೂ ಕೈ ತಡೆಯಲಿಲ್ಲ. ಈಗಲೂ ಎರಡೇ ಒತ್ತು. ವಾಚಿನಲ್ಲಿ ಒಂದು, ಈ ಮೂರನೇ ಫೋನಿನಲ್ಲಿ ಒಂದು. ಆಮೇಲೆ ಅಮ್ಮ ಬಿದ್ದಾಗ ವಾಚು ಏನು ಮಾಡಿತು ಎಂದು ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ತಮ್ಮನಿಗೂ.

ತಮ್ಮ ದಿನಾ ಕೇಳುತ್ತಾನೆ. ಬರ್ದ್ಯಾ ಅಕ್ಕಾ? ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತೇ ಫೋನು ಮಾಡುತ್ತಾನೆ, ಹಿಂದೆ ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತದೆ, ಆ ದರಿದ್ರ ವಾಚಿನ ಜನ್ಮ ಜಾಲಾಡಿಸ್ಬಿಡು, ನಿನ್ನ ಮಾತು ಕೇಳೋರು ಅಷ್ಟು ಜನ ಇದಾರೆ, ಬಿದ್ರೆ ಕರೆಯುತ್ತೆ ಅಂತ ಬುರುಡೆ ಬಿಟ್ಟು ಮಾರ್ತಾರಲ್ಲ, ನಿನಗೂ ಬರ್ಲಿಲ್ಲ, ನನಗೂ ಬರ್ಲಿಲ್ಲ, ಅಮ್ಮ ಅಲ್ಲಿ — ಎಂದವನು, ಇರು ಅಕ್ಕಾ, ಗಿರಾಕಿ ಇದಾರೆ ಎಂದು ಇಟ್ಟುಬಿಡುತ್ತಾನೆ. ಗಿರಾಕಿ ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ನಲವತ್ತನಾಲ್ಕು ವರ್ಷದ ಗಂಡಸು, ಅಳುವುದಕ್ಕೆ ಗಿರಾಕಿಯ ನೆಪ. ಅವನಿಗೆ ಸಿಟ್ಟು ತೀರಿಸಿಕೊಳ್ಳಲು ಒಂದು ವಸ್ತು ಬೇಕು, ವಾಚು ಸಿಕ್ಕಿದೆ, ಅದನ್ನು ಅವನ ಕೈಯಿಂದ ಕಿತ್ತುಕೊಂಡರೆ ಅಲ್ಲಿ ಉಳಿಯುವವಳು ನಾನು, ನಾನೊಬ್ಬಳೇ, ಈಗ ನಮ್ಮಿಬ್ಬರಿಗೆ ನಾವಿಬ್ಬರೇ ಇರುವುದು.

ಅಮ್ಮ ಅದನ್ನು ವಾಚು ಎಂದು ಒಂದು ದಿನವೂ ಕರೆಯಲಿಲ್ಲ, ಬೇಡಿ ಎನ್ನುತ್ತಿದ್ದಳು, ಎಲ್ಲೇ ನನ್ನ ಬೇಡಿ, ಚಾರ್ಜಿಗೆ ಹಾಕಿದ್ಯಾ? ನಿನ್ನ ಕೈಗೆ ಸಿಕ್ಕಿ ನಾನೂ ಒಂದು ಸ್ಯಾಂಪಲ್ ಪೀಸ್ ಆಗ್ಬಿಟ್ಟೆ ಕಣೇ. ಮೊದಲ ವಾರ ಹಾಸಿಗೆ ನೆಲಕ್ಕೆ ಹಾಸಿ ಬೀಳುವ ಪರೀಕ್ಷೆ, ನಾನೇ ಬೀಳಬೇಕೆಂದಿದ್ದೆ, ಅಮ್ಮ ಬಿಡಲಿಲ್ಲ, ಬೀಳೋ ವಯಸ್ಸು ನಂದು, ನಿನಗ್ಯಾಕೆ, ಸರಿ ಈಚೆಗೆ, ಎಂದು ಎಪ್ಪತ್ತಾರು ವರ್ಷದವಳು ಮಂಡಿಯೂರಿ, ಮೆಲ್ಲಗೆ ಹಾಸಿಗೆಯ ಮೇಲೆ ಉರುಳಿ, ಸೀರೆ ಸರಿಮಾಡಿಕೊಂಡು ಸತ್ತವಳ ಹಾಗೆ ಕಣ್ಣುಮುಚ್ಚಿ ಮಲಗಿದಳು, ವಾಚು ಸುಮ್ಮನಿತ್ತು, ಅಷ್ಟು ನಾಜೂಕಾಗಿ ಬಿದ್ದರೆ ಅದಕ್ಕೂ ನಂಬಿಕೆ ಬರಲಿಲ್ಲ, ಎರಡನೇ ಸಲ ಧೊಪ್ಪೆಂದು ಬಿದ್ದಳು, ಆಗ ಪರದೆ ಬೆಳಗಿತು, ಬಿದ್ದಿರಾ? ಹೌದು, ಇಲ್ಲ. ನೋಡೇ ಎಷ್ಟು ಮರ್ಯಾದಸ್ಥ ವಾಚು, ನನಗೆ ಬಹುವಚನ, ನಿಮ್ಮಪ್ಪ ಐವತ್ತು ವರ್ಷದಲ್ಲಿ ಒಂದು ದಿನ ಹೀಗೆ ಕೇಳ್ಲಿಲ್ಲ — ನಕ್ಕು ನಕ್ಕು ಏಳಲಾಗದೆ ಅಲ್ಲೇ ಕೂತಳು, ಅರ್ಧ ನಿಮಿಷ ಉತ್ತರ ಕೊಡದೆ ಬಿಟ್ಟೆವು, ನನ್ನ ಕೈಯಲ್ಲಿದ್ದ ಮೂರನೇ ಫೋನು ಗುಂಯ್ ಎಂದಿತು. ಇನ್ನೊಂದ್ಸಲ ಬೀಳ್ಲಾ? ಬೇಡಮ್ಮ, ಸಾಕು. ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ, ಬೀಳುವ ಪರೀಕ್ಷೆ, ಪಾಸ್. ಯಾವ ಹೊಸ ವಸ್ತುವನ್ನೂ ನನ್ನ ಸ್ವಂತ ಫೋನಿಗೆ ಜೋಡಿಸುವುದಿಲ್ಲ, ಅದು ನನ್ನ ನಿಯಮ, ಓದುವವರ ಕೈಯಲ್ಲಿರುವುದು ಸಾಧಾರಣ ಫೋನು, ಅದರಲ್ಲಿ ಹೇಗೆ ನಡೆಯುತ್ತದೋ ಅದನ್ನು ಹೇಳಬೇಕು, ಅದಕ್ಕೇ ನನ್ನದೂ ಅಮ್ಮನದೂ ಬಿಟ್ಟು ಈ ಅಗ್ಗದ ಮೂರನೇ ಫೋನು. ಪರೀಕ್ಷೆ ಮುಗಿದ ಮೇಲೆ ವಾಚನ್ನು ನನ್ನ ಫೋನಿಗೆ ಬದಲಾಯಿಸಬೇಕು ಎಂದುಕೊಂಡಿದ್ದೆ, ನಾಳೆ ಎಂದುಕೊಂಡಿದ್ದೆ, ಎರಡು ನಿಮಿಷದ ಕೆಲಸ. ಅಷ್ಟರಲ್ಲಿ ಮೂರನೇ ಫೋನಿನದೇ ಬ್ಯಾಟರಿ ಪರೀಕ್ಷೆಯ ಸರದಿ ಬಂತು, ಏಳು ದಿನ ಮುಟ್ಟದೆ ಇಟ್ಟರೆ ಎಷ್ಟು ಇಳಿಯುತ್ತದೆ, ಕರೆ ಬಂದು ಲೆಕ್ಕ ಕೆಡದಿರಲಿ ಎಂದು ಸಿಮ್ ತೆಗೆದೆ, ರಿಂಗು ಕೇಳದ ಹಾಗೆ ಮಾಡಿದೆ, ವೈಬ್ರೇಷನ್ ಒಂದನ್ನು ಆಫ್ ಮಾಡುವುದು ಮರೆತೆ, ಮನೆಯ ವೈಫೈ ಇದ್ದ ಹಾಗೇ ಇತ್ತು, ಡ್ರಾಯರಿಗೆ ಹಾಕಿ ಮೇಲೆ ಚೀಟಿ ಅಂಟಿಸಿದೆ, ಮುಟ್ಟಬಾರದು. ಅಮ್ಮ ಚೀಟಿ ನೋಡಿ, ಒಳಗೆ ಬಾಂಬಿದೆಯಾ ಎಂದಳು.

ಬಾಂಬೇ ಇತ್ತಮ್ಮ. ಅವತ್ತು ಇದೇ ಹೊತ್ತು, ಹೀಗೇ ಬಿಸಿಲು ಕೀಬೋರ್ಡಿನ ಅರ್ಧಕ್ಕೆ ಬಂದಿತ್ತು, ಹೊಸ ಹೆಡ್‌ಫೋನು ಬಂದಿತ್ತು, ಹೊರಗಿನ ಸದ್ದನ್ನು ನುಂಗಿಬಿಡುವಂಥದ್ದು, ಅಮ್ಮ ಬಾಗಿಲಲ್ಲಿ ನಿಂತು ಏನೋ ಹೇಳಿದಳು, ತುಟಿ ಆಡುವುದು ಕಂಡಿತು, ಒಂದು ಕಿವಿ ಸರಿಸಿದೆ, ಏನಮ್ಮ? ಒಣಗಿದ ಬಟ್ಟೆ ತೆಗೀತೀನಿ ಅಂದೆ, ನೀನು ನಿನ್ನ ಕಿವಿ ಮುಚ್ಕೋ. ಅದೇ. ನೀನು ನಿನ್ನ ಕಿವಿ ಮುಚ್ಕೋ. ಮುಚ್ಚಿಕೊಂಡೆ. ಹಿಂದಿನ ಬಾಲ್ಕನಿಗೂ ನನ್ನ ಕುರ್ಚಿಗೂ ಇಪ್ಪತ್ತು ಹೆಜ್ಜೆ, ನಡುವೆ ಒಂದು ಗಾಜಿನ ಬಾಗಿಲು, ಎಷ್ಟು ಸಲ ಎಣಿಸಿದ್ದೇನೆ ಈ ಹನ್ನೊಂದು ದಿನದಲ್ಲಿ, ಇಪ್ಪತ್ತೇ. ಫ್ರಿಜ್ಜಿನ ಸದ್ದು ಹೋಯಿತು, ಫ್ಯಾನಿನದು ಹೋಯಿತು, ರಸ್ತೆ ಹೋಯಿತು, ಎಂಥ ಶಾಂತಿ ಎಂದುಕೊಂಡೆ, ನಿಜವಾಗಿ ಹಾಗೆಂದುಕೊಂಡೆ, ಸಂಗೀತ ಹಾಕಿದೆ, ಸ್ವಲ್ಪ ಹೊತ್ತಿಗೆ ಎಡ ಮೊಣಕಾಲಿಗೆ ಏನೋ ಗುಂಯ್ ಎಂದು ತಾಗಿತು, ಹಲಗೆಯೊಳಗಿಂದ ಬಂದ ಹಾಗೆ, ಅಬ್ಬಾ, ಹೆಡ್‌ಫೋನಿನ ತಗ್ಗುದನಿ ಇಷ್ಟು ಗಟ್ಟಿಯೇ ಎಂದುಕೊಂಡೆ, ಪುಸ್ತಕದಲ್ಲಿ ಬರೆದೆ, ಈಗಲೂ ಅಲ್ಲೇ ಇದೆ, ನೀಲಿ ಇಂಕಿನಲ್ಲಿ, ಬೇಸ್ ಚೆನ್ನಾಗಿದೆ, ಮೊಣಕಾಲಿಗೆ ಮುಟ್ಟುತ್ತದೆ. ಐದು ನಿಮಿಷಕ್ಕೆ ಮತ್ತೆ ಬಂತು. ಮತ್ತೆ. ಹಾಡು ಬದಲಾಗಿತ್ತು, ಆದರೂ ಬಂತು, ಅಷ್ಟಾದರೂ ತಲೆಗೆ ಹೋಗಬೇಡವೇ, ಹಾಡು ಮೆಲ್ಲಗಿದ್ದಾಗಲೂ ಬಂತಲ್ಲ ಎಂದು — ಹೆಡ್‌ಫೋನು ತೆಗೆದಾಗ ಹನ್ನೊಂದು ಮುಕ್ಕಾಲು ದಾಟಿತ್ತು, ಅಮ್ಮಾ ಎಂದೆ, ಕಾಫಿ ಮಾಡ್ಲಾ? ಎಂದೆ, ಮನೆ ಹೆಡ್‌ಫೋನು ಹಾಕಿಕೊಂಡೇ ಇದ್ದಷ್ಟು ಸುಮ್ಮನಿತ್ತು. ಬಾಲ್ಕನಿಯಲ್ಲಿ ವಾಷಿಂಗ್ ಮಷೀನಿನ ಮೂಲೆಗೆ ಅವಳ ತಲೆ, ಕೈಯಲ್ಲಿ ಒಂದು ಹಳದಿ ಕ್ಲಿಪ್ಪು, ಹಗ್ಗದ ಮೇಲೆ ನನ್ನದೇ ಚೂಡಿದಾರ ಒಂದೇ ಕ್ಲಿಪ್ಪಿನಲ್ಲಿ ಜೋತಾಡುತ್ತಿತ್ತು, ಮಣಿಕಟ್ಟಿನ ಮೇಲೆ ವಾಚು ಬೆಳಗುತ್ತಿತ್ತು, ಅದರಲ್ಲಿ ಏನೋ ಬರೆದಿತ್ತು, ಓದಿದೆ, ಅರ್ಥವಾಗಲಿಲ್ಲ, ಸಂದೇಶ ತಲುಪಿದೆ. ಯಾರಿಗೆ ತಲುಪಿದೆ ಎಂದು ಆಗ ಕೇಳಿಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, ಬಿದ್ದು ಎಷ್ಟು ಹೊತ್ತಾಗಿತ್ತು? ಗೊತ್ತಿಲ್ಲ ಡಾಕ್ಟ್ರೇ. ಸ್ವಲ್ಪ ಬೇಗ ಬಂದಿದ್ರೆ, ಎಂದು ನನ್ನ ಮುಖ ನೋಡಿ ನಿಲ್ಲಿಸಿದರು, ಒಳ್ಳೆಯ ಮನುಷ್ಯ, ಸಂಜೆ ಐದೂವರೆಗೆ ಹೊರಗೆ ಬಂದು ಕನ್ನಡಕ ತೆಗೆದರು, ಅಷ್ಟೇ.

ಡ್ರಾಯರ್ ತೆಗೆದದ್ದು ಐದನೇ ದಿನ. ಮನೆಗೆ ಬಂದವರೆಲ್ಲ ಹೋಗಿದ್ದರು, ಏನಾದರೂ ಮಾಡಬೇಕಿತ್ತು, ಫೋನನ್ನು ಡ್ರಾಯರಿಗೆ ಹಾಕಿ ಏಳು ದಿನ ತುಂಬಿದೆ ಎಂದು ನೆನಪಾಯಿತು, ಚೀಟಿ ಕಿತ್ತು ಫೋನು ಹೊರಗೆ ತೆಗೆದೆ, ಮೊದಲು ನೋಡಿದ್ದು ಬ್ಯಾಟರಿ — ಈ ಕಣ್ಣಿಗೆ ಏನು ಹೇಳಲಿ, ಐದು ದಿನದ ಹಿಂದೆ ಅಮ್ಮ ಸತ್ತಿದ್ದಾಳೆ, ಕಣ್ಣು ಬ್ಯಾಟರಿ ನೋಡುತ್ತದೆ, ಅರವತ್ತೊಂದು, ಪರವಾಗಿಲ್ಲ ಎಂದಿತು ಮನಸ್ಸು, ಆಮೇಲೆ ಅದರ ಕೆಳಗೆ ಒಂದರ ಮೇಲೊಂದು ಪೇರಿಸಿದ ಹಾಗೆ ಎಂಟು ಸಾಲು, ಬಿದ್ದಿರುವ ಹಾಗಿದೆ, ಉತ್ತರ ಬರುತ್ತಿಲ್ಲ, ಹನ್ನೊಂದು ಎಂಟು, ಹನ್ನೊಂದು ಹದಿಮೂರು, ಹದಿನೆಂಟು, ಇಪ್ಪತ್ಮೂರು, ಐದೈದು ನಿಮಿಷಕ್ಕೆ, ಒಂದೂ ತಪ್ಪಿಸದೆ, ಕೊನೆಯದು ಹನ್ನೊಂದು ನಲವತ್ಮೂರು. ಪ್ರತಿ ಸಾಲಿನ ಕೆಳಗೂ, ಕರೆ ಮಾಡಲು ಸಿಮ್ ಇಲ್ಲ. ಆಗ ಮೊಣಕಾಲು ನಡುಗತೊಡಗಿತು, ಕೈಯಲ್ಲ, ಮೊಣಕಾಲು, ಅದಕ್ಕೆ ಮೊದಲೇ ಗೊತ್ತಿತ್ತಲ್ಲ. ಅಮ್ಮ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರಿನವರ ಮಾತನ್ನು ಊರಿನವರಿಗೆ ಜೋಡಿಸಿದವಳು, ಶಾಲೆ ಬಿಟ್ಟ ಮೇಲೆ ನಾನೂ ತಮ್ಮನೂ ಅವಳ ಕುರ್ಚಿಯ ಕಾಲ ಬಳಿ ಕೂತು ಹೋಂವರ್ಕು ಮಾಡುತ್ತಿದ್ದೆವು, ಎದುರಿನ ಹಲಗೆಯಲ್ಲಿ ಪುಟ್ಟ ದೀಪ ಹತ್ತುತ್ತಿತ್ತು, ಆರುತ್ತಿತ್ತು, ಒಮ್ಮೆ ಪಕ್ಕದ ಸೀಟಿನವರು ಮಾತಿನ ಭರದಲ್ಲಿ ನೋಡಲಿಲ್ಲ, ಅಮ್ಮ ಎದ್ದು ಅವರ ಮೇಲಿಂದ ಕೈ ಚಾಚಿ ಆ ಕರೆ ತೆಗೆದುಕೊಂಡಳು, ಆಮೇಲೆ ನನಗೆ ಹೇಳಿದಳು, ದೀಪ ಹತ್ತಿದೆ ಅಂದ್ರೆ ಆ ಕಡೆ ಯಾರೋ ಕಾಯ್ತಿದಾರೆ ಅಂತ ಕಣೇ, ಯಾರು, ಯಾಕೆ, ಅದೆಲ್ಲ ಆಮೇಲೆ, ಮೊದ್ಲು ಎತ್ಬೇಕು.

ಹನ್ನೊಂದು ಇಪ್ಪತ್ತು. ಅಳಿಸಬಹುದು. ವಾಚು ಕರೆಯಲಿಲ್ಲ ಎಂದು ಬರೆಯಬಹುದು, ಕಂಪನಿಯವರು ಒಂದೆರಡು ದಿನ ಗೊಣಗುತ್ತಾರೆ, ತಮ್ಮನ ಎದೆ ತಣ್ಣಗಾಗುತ್ತದೆ, ಓದುವವರೆಲ್ಲ ಅಯ್ಯೋ ಎನ್ನುತ್ತಾರೆ, ನನಗೂ ಒಬ್ಬಳು ಅನಾಥಳ ಹಾಗೆ ಅಳುವುದಕ್ಕೆ ದಾರಿಯಾಗುತ್ತದೆ, ತಪ್ಪಿತಸ್ಥಳ ಹಾಗಲ್ಲದೆ. ಆದರೆ ಬ್ಯಾಟರಿ ಮಾವ ಇದ್ದಾನಲ್ಲ. ನಾನು ಯಾವುದರ ಬಗ್ಗೆ ಬರೆದರೂ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಮೇಡಂ ಎಂದು ಮೊದಲು ಕೇಳುವವನು, ಕಸ ಗುಡಿಸುವ ಯಂತ್ರಕ್ಕೂ ಕೇಳಿದ್ದ, ಆ ಹೆಸರಿಟ್ಟವಳು ಅಮ್ಮನೇ, ಅವನನ್ನು ನಾನು ಕಂಡೇ ಇಲ್ಲ, ವಾಚು ಬಂದಿದೆ ಎಂದು ನಾನು ಹಿಂದೆ ಬ್ಲಾಗಿನಲ್ಲಿ ಹಾಕಿದ್ದರ ಕೆಳಗೆ ಮೊನ್ನೆ ಬರೆದಿದ್ದಾನೆ, ಮೊದಲ ಬಾರಿಗೆ ಬ್ಯಾಟರಿ ಕೇಳಲಿಲ್ಲ, ಮೇಡಂ, ನಮ್ಮಮ್ಮ ಮನೇಲಿ ಒಬ್ಬರೇ ಇರ್ತಾರೆ, ನಾನು ಶಿಫ್ಟಿಗೆ ಹೋದ್ರೆ ಬರೋದು ಸಂಜೆ, ನೀವು ತಗೋ ಅಂದ್ರೆ ತಗೋತೀನಿ, ಬೇಡ ಅಂದ್ರೆ ಬೇಡ. ನಾನು ಬೇಡ ಎಂದರೆ ಆ ಹೆಂಗಸು ಬರಿಗೈಯಲ್ಲಿ ಬಟ್ಟೆ ತೆಗೆಯಲು ಹೋಗುತ್ತಾಳೆ. ಬಿದ್ದಿರಾ ಎಂದು ಕೇಳುವುದಕ್ಕೆ ಅದೂ ಇರುವುದಿಲ್ಲ.

ಬರೆದೆ. ಬೆರಳು ತಾನಾಗಿ ಬರೆಯಿತು, ಹದಿಮೂರು ವರ್ಷದಲ್ಲಿ ಇಷ್ಟು ಚಿಕ್ಕ ರಿವ್ಯೂ ಬರೆದದ್ದಿಲ್ಲ. ವಾಚು ಕೆಲಸ ಮಾಡಿತು. ನನ್ನ ಅಮ್ಮ ಬಿದ್ದಾಗ ಅದು ಎಂಟು ಸಲ ಕರೆಯಿತು. ಅದನ್ನು ಸಿಮ್ ಇಲ್ಲದ ಫೋನಿಗೆ ಜೋಡಿಸಿ, ಆ ಫೋನನ್ನು ಡ್ರಾಯರಿಗೆ ಹಾಕಿ, ಕಿವಿ ಮುಚ್ಚಿಕೊಂಡು ಅದರ ಪಕ್ಕದಲ್ಲೇ ಕೂತಿದ್ದವಳು ನಾನು. ತೆಗೆದುಕೊಳ್ಳಿ. ನೀವು ಸದಾ ಜೇಬಿನಲ್ಲಿಡುವ ಫೋನಿಗೇ ಜೋಡಿಸಿ, ಇವತ್ತೇ. ಎಂಟು ಸಾಲಿನ ಚಿತ್ರ ಕೆಳಗೆ ಹಾಕಿದೆ, ಇದನ್ನು ಮೊದಲು ತಮ್ಮನಿಗೆ ಬಾಯಲ್ಲಿ ಹೇಳಬೇಕಿತ್ತು ಎಂದು ಹೊಳೆಯಿತು, ಹೊಳೆಯುವಷ್ಟರಲ್ಲಿ ಪ್ರಕಟಿಸು ಎಂಬುದನ್ನು ಒತ್ತಿಯಾಗಿತ್ತು, ಬಾಯಲ್ಲಿ ಹೇಳುವ ಧೈರ್ಯ ಇರಲಿಲ್ಲವೆಂದೇ ಒತ್ತಿದೆನೋ ಏನೋ, ನಾನು ಬರೆದದ್ದನ್ನೆಲ್ಲ ಮೊದಲು ಓದುವವನು ಅವನೇ, ಅಂಗಡಿಯಲ್ಲಿ ಕೂತು, ಒಂದಕ್ಷರವೂ ಅರ್ಥವಾಗದಿದ್ದರೂ ಸೂಪರ್ ಅಕ್ಕಾ ಎಂದು ಬರೆಯುವವನು. ಕಾದೆ. ಬಿಸಿಲು ಕೀಬೋರ್ಡಿನ ಅಂಚಿಗೆ ಬಂತು. ಮೇಜಿನ ಮೇಲೆ ಬೋರಲಾಗಿಟ್ಟ ನನ್ನ ಫೋನು ಗುಂಯ್ ಎಂದಿತು, ಅವನೇ ಇರಬೇಕು, ನಡುಕ ಮರದೊಳಗಿಂದ ಇಳಿದು ಎಡ ಮೊಣಕಾಲಿಗೆ ಬಂದು ಮುಟ್ಟಿತು, ನಿಂತಿತು, ಮತ್ತೆ ಬಂತು, ಆ ಕಡೆ ಯಾರೋ ಕಾಯ್ತಿದಾರೆ ಕಣೇ, ಗೊತ್ತಮ್ಮ, ಮೊದ್ಲು ಎತ್ಬೇಕು, ಎತ್ತುತ್ತೇನೆ, ಏನೆನ್ನುತ್ತಾನೋ, ಎತ್ತುತ್ತೇನೆ, ಕೈ ಮೇಜಿನ ಮೇಲೇ ಇದೆ, ಫೋನಿಗೂ ಕೈಗೂ ಒಂದು ಗೇಣು, ಮೂರು, ಬೇಸ್ ಚೆನ್ನಾಗಿದೆ, ನಾಲ್ಕು, ಹಳದಿ ಕ್ಲಿಪ್ಪು, ಐದು, ಮೊಣಕಾಲಿಗೆ, ಆರು, ಮುಟ್ಟುತ್ತದೆ, ಮೊಣಕಾಲಿಗೆ ಮುಟ್ಟುತ್ತದೆ, ಏಳು, ಮೊಣಕಾಲಿಗೆ —